ಗಿರಿಯ ಮುಡಿ ಮತ್ತು ಇಟಲಿಯವರು

ಉದ್ದ ಕೂದಲು ಬಿಟ್ಟ ಗಂಡುಹುಡುಗರನ್ನು ಕಂಡರೆ ನಾನು ಸುಮ್ಮನಿರಲಾರೆ. ಬಸ್ಸಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಎಲ್ಲೇ ಸಿಗಲಿ, ಕಣ್ಣು ನೇರವಾಗಿ ಅವರ ಕೂದಲಿನ ತುದಿಗೆ ಹೋಗುತ್ತದೆ. ಎಣ್ಣೆ ಕಂಡಿದೆಯೋ ಇಲ್ಲವೋ, ತುದಿ ಸೀಳಿದೆಯೋ, ಯಾವ ಕಾರಣಕ್ಕೆ ಬಿಟ್ಟಿರಬಹುದು, ಇಷ್ಟನ್ನೂ ಯೋಚಿಸದೆ ಬಿಡುವುದಿಲ್ಲ. ಕಳೆದ ವಾರ ಗುಬ್ಬಿಯಿಂದ ಬರುವಾಗ ಮುಂದಿನ ಸೀಟಿನ ಹುಡುಗನನ್ನು ಕೇಳಿಯೇಬಿಟ್ಟೆ: "ಯಾರಿಗಪ್ಪ ಬಿಟ್ಟಿರೋದು?" ಅವನು ಕಿವಿಯಿಂದ ವೈರು ಕಿತ್ತು "ಏನಾಂಟಿ?" ಎಂದ. ಪಕ್ಕದಲ್ಲಿದ್ದ ನಮ್ಮ ಯಜಮಾನರು ಕಿಟಕಿಯ ಕಡೆ ಮುಖ ತಿರುಗಿಸಿ, ನನ್ನ ಪರಿಚಯವೇ ಇಲ್ಲದವರಂತೆ ಕೂತರು.

ನೀವೂ ನಗಬಹುದು. ಆದರೆ ನಾನು ಹುಟ್ಟಿ ಬೆಳೆದದ್ದು ಗುಬ್ಬಿಯಲ್ಲಿ. ನಾನು ಚಿಕ್ಕವಳಿದ್ದಾಗ ಗಂಡಸರ ಉದ್ದ ಕೂದಲಿಗೆ ಅಲ್ಲಿ ಎರಡೇ ಕಾರಣಗಳಿದ್ದವು. ಒಂದು ನಾಟಕ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ತಾತ ಇದ್ದರು. ಹರೆಯದಲ್ಲಿ ಯಾವುದೋ ಕಂಪನಿಯಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದವರಂತೆ. ಬೆಳಗಿನ ಬಿಸಿಲಿಗೆ ಬಾವಿಕಟ್ಟೆಯ ಮೇಲೆ ಕೂತು ಬಿಳಿ ಕೂದಲು ಬಿಚ್ಚಿ ಒಣಗಿಸಿಕೊಳ್ಳುವಾಗ ಅವರು ಕತ್ತು ಓರೆ ಮಾಡುತ್ತಿದ್ದ ಬೆಡಗು ನಮ್ಮಮ್ಮನಿಗೂ ಬರುತ್ತಿರಲಿಲ್ಲ. ಇನ್ನೊಂದು ಕಾರಣ ಹರಕೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯೋ ಕೋರ್ಟು ಕೇಸೋ ಇದ್ದರೆ ದೇವರಿಗೆ ಹೇಳಿಕೊಂಡು ಕೂದಲು ಬಿಡುವುದು, ಕೆಲಸ ಆದ ಮೇಲೆ ಹೋಗಿ ಬೋಳಿಸಿಕೊಂಡು ಮುಡಿ ಕೊಟ್ಟು ಬರುವುದು. ಹಾಗಾಗಿ ಕೂದಲು ಬಿಟ್ಟವನನ್ನು "ಯಾರಿಗೆ?" ಎಂದು ಕೇಳುವುದು ನಮ್ಮಲ್ಲಿ "ಊಟ ಆಯ್ತಾ?" ಎಂದಷ್ಟೇ ಸಹಜ. ಮೂರನೆಯ ಕಾರಣವೊಂದಿದೆ, ಅದು ಇಟಲಿಯಲ್ಲಿದೆ ಎಂದು ಗೊತ್ತಾದದ್ದು ನಾನು ಮದುವೆಯಾಗಿ ತುಮಕೂರಿಗೆ ಬಂದ ಮೇಲೆ.

ನನ್ನ ಮೈದುನ ಗಿರೀಶ ಆಗ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅವನ ಜೀವದ ಗೆಳೆಯ ಸಾದಿಕ್. ಸಾದಿಕನ ತಂದೆಗೆ ಚಿಕ್ಕಪೇಟೆಯಲ್ಲಿ ವಾಚ್ ರಿಪೇರಿ ಅಂಗಡಿ. ಗಾಜಿನ ಕಪಾಟಿನ ಅರ್ಧಭಾಗದಲ್ಲಿ ಗಡಿಯಾರಗಳು, ಉಳಿದರ್ಧದಲ್ಲಿ ಮಗನ ಕ್ಯಾಸೆಟ್ಟುಗಳು. ಬೆಂಗಳೂರಿನ ಯಾರೋ ಕಾಪಿ ಮಾಡಿಕೊಟ್ಟ ಒಂದು ಕ್ಯಾಸೆಟ್ಟು ಅಲ್ಲಿಂದ ನಮ್ಮ ಮನೆಗೆ ಬಂತು. ಇಟಲಿ ದೇಶದ ಒಂದು ತಂಡ. ಪವರ್ ಮೆಟಲ್ ಎಂಬ ಜಾತಿಯ ರಾಕ್ ಸಂಗೀತವಂತೆ. ನನಗೆ ಮೆಟಲ್ ಅಂದರೆ ರಸ್ತೆಗೆ ಹಾಕುವ ಜಲ್ಲಿ. ತಂಡದ ಹೆಸರು ನಮ್ಮ ಯಾರ ನಾಲಿಗೆಗೂ ಹೊರಳದೆ ಮನೆಯಲ್ಲಿ ಅವರು 'ಇಟಲಿಯವರು' ಎಂದೇ ಆದರು.

ಆ ಕ್ಯಾಸೆಟ್ಟು ಮೊದಲ ಸಲ ಹಾಕಿದಾಗ ನಮ್ಮ ಯಜಮಾನರು ಬಚ್ಚಲಿನಲ್ಲಿದ್ದರು. ಹಾಡುಗಾರ ಎತ್ತರದ ದನಿಗೆ ಏರಿದ್ದೇ ತಡ ಒಳಗಿನಿಂದ ಕೂಗಿದರು: "ಲೇ ಗಿರಿ, ಅಮ್ಮ ಕೂಗ್ತಾ ಇದಾಳೆ ನೋಡೋ!"

ತಪ್ಪು ಅವರದಲ್ಲ. ನಮ್ಮತ್ತೆಯ ದನಿ ಅಂಥದ್ದು. ಗೇಟಿನಲ್ಲಿ ನಿಂತು "ಗಿರೀ" ಎಂದು ಎಳೆದರೆ ಬೀದಿ ತಿರುಗಿ ಹಾಲಿನ ಬೂತಿನಲ್ಲಿ ನಿಂತವರು "ನಿಮ್ಮಮ್ಮ ಕರೀತಾವ್ರೆ, ಹೋಗಪ್ಪ" ಎಂದು ಅವನನ್ನು ಕಳಿಸಿಕೊಡುತ್ತಿದ್ದರು. ಸೊಪ್ಪಿನವಳ ಹತ್ತಿರ ಚೌಕಾಸಿಗೆ, ಗೋಡೆಯಾಚೆಯ ಗೌರಮ್ಮನ ಹತ್ತಿರ ಸುಖದುಃಖಕ್ಕೆ, ಮಾಡಿನ ಮೇಲಿನ ಕೋತಿ ಓಡಿಸುವುದಕ್ಕೆ, ಎಲ್ಲಕ್ಕೂ ಒಂದೇ ದನಿ. ಪಿಸುಮಾತು ಎಂಬುದೊಂದು ಇದೆಯೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅತ್ತೆ ಇಟಲಿಯವರನ್ನು ಬೈಯುತ್ತಾರೆಂದು ನಾನು ಕಾದದ್ದೇ ಬಂತು. ಅವರು ಬಾಗಿಲಲ್ಲಿ ನಿಂತು ಡ್ರಮ್ಮಿನ ಸದ್ದು ಕೇಳಿಸಿಕೊಂಡು, "ಕುದುರೆ ಬಿಟ್ಟಂಗದಲ್ಲೋ!" ಎಂದರು. ಅವರ ತವರು ಕುಣಿಗಲ್. ಕುದುರೆ ಫಾರಂನ ಬೇಲಿ ಪಕ್ಕದ ದಾರಿಯಲ್ಲೇ ಶಾಲೆಗೆ ಹೋಗುತ್ತಿದ್ದವರು. ಬೆಳಗ್ಗೆ ಮಂಜಿನಲ್ಲಿ ಕುದುರೆ ಕಾಣುತ್ತಿರಲಿಲ್ಲವಂತೆ, ಗೊರಸಿನ ಸದ್ದು ಮಾತ್ರ ಬೇಲಿಯ ಉದ್ದಕ್ಕೂ ಜೊತೆಗೆ ಓಡಿಬರುತ್ತಿತ್ತಂತೆ. ಅಂದಿನಿಂದ ಮಧ್ಯಾಹ್ನ ಬೇಸರವಾದರೆ "ಆ ಕುದುರೆ ಹಾಡು ಹಾಕ್ಲಾ" ಎನ್ನುತ್ತಿದ್ದರು.

ಇಟಲಿಯವರ ಪೂರ್ವೋತ್ತರವೆಲ್ಲ ನನಗೆ ತಿಳಿದದ್ದು ಅಡುಗೆಮನೆಯಲ್ಲಿ. ಅವರೆಕಾಯಿ ಕಾಲದಲ್ಲಿ ಗಿರಿ ನನ್ನೆದುರು ಕಾಲು ಮಡಚಿ ಕೂತು ನೆನೆದ ಕಾಳು ಹಿತುಕುತ್ತಾ ಹೇಳುತ್ತಿದ್ದ. ಬಂದರಿನ ಊರೊಂದರ ಐವರು ಗೆಳೆಯರು. ಕೀಬೋರ್ಡಿನವನು ಚರ್ಚಿನಲ್ಲಿ ಕಲಿತವನು. ಅವರಲ್ಲೊಬ್ಬನ ಸೋದರಮಾವನ ಮರದ ಮಿಲ್ಲಿನಲ್ಲಿ ಅಭ್ಯಾಸ. ಗರಗಸ ನಿಂತ ಮೇಲೆ ಇವರ ಸದ್ದು ಶುರು. ಮೊದಲು ಮಾಡಿದ ಟೇಪನ್ನು ಕಂಪನಿಗಳೆಲ್ಲ ವಾಪಸು ಕಳಿಸಿದವು. ಕೊನೆಗೆ ಜರ್ಮನಿಯ ಒಂದು ಸಣ್ಣ ಕಂಪನಿ ಕೈಹಿಡಿಯಿತು. ಮೊದಲ ಆಲ್ಬಂನಲ್ಲಿ ಊರಿನ ಚರ್ಚಿನ ಹೆಂಗಸರೇ ಹಿಂದಿನಿಂದ ದನಿಗೂಡಿಸಿದ್ದು. ಎರಡನೆಯದರಿಂದ ಒಂದು ದೊಡ್ಡ ಕಥೆ ಹೂಡಿದರು, ನಾಲಗೆಯಿಲ್ಲದ ಒಂದು ಗೋಪುರದ ಗಂಟೆ, ಆ ನಾಲಗೆ ಹುಡುಕಿ ಹೊರಟ ಒಬ್ಬ ವೀರ. ಅವರ ದೇಶದವರು ತಲೆಕೆಡಿಸಿಕೊಳ್ಳಲಿಲ್ಲ, ಜಪಾನಿನವರು ಮುಗಿಬಿದ್ದರು. ಮೂರನೆಯದರ ಹೊತ್ತಿಗೆ ಬೇಸ್ ಗಿಟಾರಿನವನು ಅಪ್ಪನ ಅಂಗಡಿ ನೋಡಿಕೊಳ್ಳಲು ಹೋಗಿಬಿಟ್ಟ. ಅವನು ಹೋದದ್ದಕ್ಕೆ ನನಗೇ ಸಂಕಟವಾಯಿತು. ನನ್ನ ಸ್ವಂತ ದೊಡ್ಡಪ್ಪನ ಮಕ್ಕಳು ಯಾವ ಊರಲ್ಲಿದ್ದಾರೆಂದು ಕೇಳಿದರೆ ತಡವರಿಸುತ್ತಿದ್ದ ನಾನು ಇಟಲಿಯವರಲ್ಲಿ ಯಾರು ಬಿಟ್ಟರು, ಯಾರು ಸೇರಿದರು ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ. ನಮ್ಮ ಮನೆಗೆ ಗ್ಯಾಸು ಬಂದದ್ದು ಅವರ ಎರಡನೆಯ ಆಲ್ಬಂ ನಮ್ಮ ಕೈಗೆ ಸಿಕ್ಕ ವರ್ಷ. ಈಗಲೂ ಹಾಗೆಯೇ ನೆನಪಿಟ್ಟುಕೊಂಡಿದ್ದೇನೆ.

ಹಾಡುಗಾರನ ಹೆಸರು ಮಾರ್ಕೊ. ಕ್ಯಾಸೆಟ್ಟಿನ ಮಸುಕು ಜೆರಾಕ್ಸ್ ಚಿತ್ರದಲ್ಲಿ ಅವನ ಕೂದಲು ಎದೆಯವರೆಗೆ ಇತ್ತು. ಗಿರಿಯ ಕೂದಲು ಮೊದಲು ಕಿವಿ ಮುಚ್ಚಿತು, ಆಮೇಲೆ ಕಾಲರ್ ದಾಟಿತು, ಆಮೇಲೆ ಭುಜಕ್ಕೆ ಬಂತು.

ಆ ಹೊತ್ತಿಗೆ ಅತ್ತೆಯ ಕುತ್ತಿಗೆಯಲ್ಲಿ ಗಂಟು ಕಾಣಿಸಿತು.

ಮೊದಲು ನೆಲ್ಲಿಕಾಯಿಯಷ್ಟು. ಅವರು ಸೆರಗು ಎಳೆದುಕೊಂಡು ಮುಚ್ಚಿದರು. ನುಂಗುವಾಗ ಅದು ಮೇಲೆ ಕೆಳಗೆ ಆಡುವುದನ್ನು ನಾನು ಊಟಕ್ಕೆ ಬಡಿಸುವಾಗ ನೋಡಿದೆ. ಬಲವಂತವಾಗಿ ಕರೆದುಕೊಂಡು ಹೋದೆವು. ಡಾಕ್ಟರು ಮೆತ್ತಗೆ ಒತ್ತಿ ನೋಡಿ, ಇದು ಥೈರಾಯಿಡ್ ಗಂಟು, ತೆಗೆಯಲೇಬೇಕು, ಕೆಟ್ಟದ್ದೋ ಅಲ್ಲವೋ ತೆಗೆದ ಮೇಲೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅತ್ತೆ ಒಪ್ಪುತ್ತಿದ್ದರೇನೋ. ಪಾಪ, ಸತ್ಯವಂತರು. "ದನಿಯ ನರ ಇದರ ಹಿಂದೇನೇ ಹೋಗಿರುತ್ತಮ್ಮ. ಹುಷಾರಾಗೇ ಮಾಡ್ತೀವಿ. ಆದ್ರೂ ಕೆಲವರಿಗೆ ದನಿ ಹೋಗೋದುಂಟು" ಎಂದುಬಿಟ್ಟರು.

ಅತ್ತೆ ಎದ್ದು ಹೊರಗೆ ಬಂದರು. ಆಟೋ ಹತ್ತಿದರು. ಮನೆಯ ಮೆಟ್ಟಿಲು ಹತ್ತಿ ಹೇಳಿದರು: "ನನ್ ಗಂಟ್ಲಿಗೆ ಯಾರೂ ಕೈ ಹಾಕ್ಬೇಡಿ. ಸತ್ರೆ ಕೂಗ್ತಾನೇ ಸಾಯ್ತೀನಿ."

ದುರದೃಷ್ಟಕ್ಕೆ ಆ ದಿನಗಳಲ್ಲೇ ಸಾದಿಕ್ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ಹಿಡಿದುಕೊಂಡು ಬಂದ. ಮಾರ್ಕೊನ ಗಂಟಲಲ್ಲಿ ಏನೋ ಬೆಳೆದು ಆಪರೇಷನ್ ಆಗಿದೆ, ನಾಲ್ಕನೆಯ ಆಲ್ಬಂ ನಿಂತುಹೋಗಿದೆ, ಕಾರ್ಯಕ್ರಮಗಳೆಲ್ಲ ರದ್ದು. ಇಬ್ಬರೂ ಜಗಲಿಯಲ್ಲಿ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಅತ್ತೆ ನಡುಮನೆಯಿಂದ ಹೊರಗೆ ಬಂದರು.

"ಯಾರಿಗ್ಲಾ ಆಪರೇಷನ್ನು?"

ಸಾದಿಕ್ ಯೋಚಿಸದೆ ಹೇಳಿಬಿಟ್ಟ: "ಆ ಹಾಡೋನಿಗೆ ಅಮ್ಮಾ. ಗಂಟ್ಲು."

"ಆದ್ಮೇಲೆ ಹಾಡಿದ್ನಾ?"

"ಗೊತ್ತಿಲ್ಲ ಅಮ್ಮಾ. ಪೇಪರ್ ಹಳೇದು."

"ನೋಡಿದ್ರಾ!" ಎಂದರು ಅತ್ತೆ, ಮೊಕದ್ದಮೆ ಗೆದ್ದವರ ಹಾಗೆ, ಎಲ್ಲರನ್ನೂ ಒಮ್ಮೆ ನೋಡಿ. ಗೆದ್ದ ಸಂತೋಷ ಮಾತ್ರ ಮುಖದಲ್ಲಿರಲಿಲ್ಲ. ಒಳಗೆ ಹೋಗಿ ಮಲಗಿದರು. ಗಂಟು ನೆಲ್ಲಿಕಾಯಿಯಿಂದ ನಿಂಬೆಹಣ್ಣಿಗೆ ಬಂತು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದರು. ನಾವು ಅವರೆದುರು ಲೋಟ ಕೆಳಗಿಡಲೂ ಹೆದರುತ್ತಿದ್ದೆವು. ಕೂಗಿಗೇ ಹೆಸರಾದ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದೆವು.

ಅದನ್ನು ತಿರುಗಿಸಿದ್ದು ಗೋಡೆಯಾಚೆಯ ಗೌರಮ್ಮ. ಒಂದು ಬೆಳಿಗ್ಗೆ ಗಿರಿ ತಲೆಗೆ ನೀರು ಹಾಕಿಕೊಂಡು ಹಿತ್ತಲಲ್ಲಿ ಕೂದಲು ಒರೆಸಿಕೊಳ್ಳುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕೂತಿದ್ದರು. ಗೌರಮ್ಮ ಗೋಡೆಯ ಮೇಲಿನಿಂದ ನೋಡಿದರು. ಅವರ ಕಣ್ಣಲ್ಲಿ ನೀರು ತುಂಬಿತು.

"ಜಯಕ್ಕಾ, ನಿಮ್ಗೆ ಯಾತರ ಭಯ ಅಂತೀನಿ? ನಿಮ್ ಹೆಸ್ರಲ್ಲಿ ಮಗ ಮುಡಿ ಬಿಟ್ಟವ್ನೆ. ಈ ಕಾಲದ ಹುಡುಗ್ರು ಯಾರು ಬಿಡ್ತಾರೆ ಹೇಳಿ?"

ಗಿರಿಯ ಕೈಯಲ್ಲಿದ್ದ ಟವೆಲ್ಲು ಹಾಗೆಯೇ ನಿಂತಿತು. ನಾನು ಒಲೆಯ ಮುಂದೆ ಸೌಟು ಹಿಡಿದು ನಿಂತೆ. ಅತ್ತೆ ಮಗನ ಭುಜದ ಮೇಲಿನ ಒದ್ದೆ ಕೂದಲನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಪದ್ಮಾ, ಡಾಕ್ಟ್ರ ಹತ್ರ ಯಾವತ್ತು ಅಂತ ಕೇಳ್ಸಮ್ಮ" ಎಂದರು.

ನಮ್ಮ ಯಜಮಾನರು ತಮ್ಮನನ್ನು ರೂಮಿಗೆ ಎಳೆದುಕೊಂಡು ಹೋಗಿ "ಬಾಯ್ಬಿಟ್ರೆ ಸಾಯಿಸ್ಬುಡ್ತೀನಿ" ಎಂದರು. ಬಾಯಿ ಬಿಡುವ ಧೈರ್ಯ ಅವನಿಗೂ ಇರಲಿಲ್ಲ. ಆದರೆ ಊಟ ಬಿಟ್ಟ. ಅಡುಗೆಮನೆಗೆ ಬಂದು ನೀರಿನ ಹಂಡೆಗೆ ಒರಗಿ ನಿಲ್ಲುತ್ತಿದ್ದ.

"ಅತ್ತಿಗೆ, ಹರಕೆ ಹೇಳ್ಕೊಳ್ದೆ ಬಿಟ್ಟ ಕೂದ್ಲು ಲೆಕ್ಕಕ್ಕೆ ಬರುತ್ತಾ?"

"ನನ್ಗೇನಪ್ಪಾ ಗೊತ್ತು?"

"ಬರ್ದೆ ಹೋದ್ರೆ? ಅಮ್ಮ ಅದನ್ನ ನಂಬ್ಕೊಂಡು ಒಳಗೆ ಹೋಗಿ, ಏನಾದ್ರೂ ಆದ್ರೆ?"

"ಈಗ್ಲಾದ್ರೂ ಹೇಳ್ಕೊ."

"ಕೈ ಮುಗಿದ್ರೆ ಮಾರ್ಕೊ ಮುಖಾನೇ ಬರುತ್ತೆ ಅತ್ತಿಗೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡದೆ ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟೆ.

ಆಪರೇಷನ್ನಿನ ಬೆಳಿಗ್ಗೆ ಆಸ್ಪತ್ರೆಯ ಹಸಿರು ಗೌನಿನಲ್ಲಿ ಅತ್ತೆ ತುಂಬಾ ಚಿಕ್ಕವರಾಗಿ ಕಂಡರು. ಓಲೆ, ಬಳೆ, ಸರ ಎಲ್ಲ ಬಿಚ್ಚಿ ನನ್ನ ಕರವಸ್ತ್ರಕ್ಕೆ ಗಂಟು ಹಾಕಿದ್ದಾಯಿತು. ನರ್ಸು ತಳ್ಳುಗಾಡಿಯ ಬ್ರೇಕು ಬಿಟ್ಟಳು. ಬಾಗಿಲ ಹತ್ತಿರ ಬರುತ್ತಿದ್ದಂತೆ ಅತ್ತೆ ಕೈಯೆತ್ತಿ "ಒಂದ್ನಿಮಿಷ ಇರಮ್ಮ" ಎಂದರು. ಗಿರಿಯನ್ನು ಹತ್ತಿರ ಕರೆದು ಅವನ ಕೂದಲಿನ ಒಂದು ಎಳೆ ಬೆರಳಿಗೆ ಸುತ್ತಿಕೊಂಡರು.

"ಯಾವ ದೇವ್ರಿಗೆ ಹೇಳ್ಕೊಂಡಿದೀಯ?"

ಯಜಮಾನರು ನನ್ನ ಮೊಣಕೈ ಹಿಡಿದರು, ನೋವಾಗುವಷ್ಟು. ಯಾವುದೋ ಒಂದು ಹೆಸರು ಹೇಳಿದರೆ ಸಾಕಿತ್ತು, ದೇವರಿಗೇನು ಬರವೇ? ನರ್ಸು ಗಡಿಯಾರ ನೋಡಿದಳು. ಅತ್ತೆ ಬೆರಳು ಬಿಡಲಿಲ್ಲ.

"ನೀನೇ ಬಂದು ಹೇಳಮ್ಮ," ಎಂದ ಗಿರಿ ಕೊನೆಗೆ. "ಯಾವ ದೇವ್ರು ಅಂತ ನೀನೇ ಹೇಳ್ಬೇಕು. ನಿನ್ ಬಾಯಿಂದಾನೇ. ಗಟ್ಟಿಯಾಗಿ."

ಅತ್ತೆ ಅವನ ಮುಖವನ್ನು ಒಂದು ಗಳಿಗೆ ಓದಿದರು. "ಹೂಂ" ಎಂದು ಬೆರಳು ಬಿಡಿಸಿಕೊಂಡರು. ಬಾಗಿಲು ಮುಚ್ಚಿತು.

ಗಂಟು ಕೆಟ್ಟದ್ದಲ್ಲ ಎಂದು ಕೆಲವು ದಿನಗಳ ಮೇಲೆ ತಿಳಿಯಿತು. ಆದರೆ ದನಿ ಬರಲಿಲ್ಲ. ಒಣಗಿದ ಎಲೆ ಉಜ್ಜಿದಂಥ ಪಿಸುಮಾತು ಅಷ್ಟೆ. ನರಕ್ಕೆ ಸ್ವಲ್ಪ ಪೆಟ್ಟಾಗಿರಬಹುದು, ಕಾಯಿರಿ, ಬಂದರೂ ಬರಬಹುದು ಎಂದರು ಡಾಕ್ಟರು. ಬಂದರೂ ಬರಬಹುದು! ಆ ಮಾತಿನ ಅಡಿಯಲ್ಲಿ ನಾವು ತಿಂಗಳುಗಟ್ಟಲೆ ಬದುಕಿದೆವು. ಸೊಪ್ಪಿನವಳು ನಮ್ಮ ಗೇಟಿನಲ್ಲಿ ಕಾದು ಕಾದು ಮುಂದಕ್ಕೆ ಹೋಗುತ್ತಿದ್ದಳು. ಕೋತಿಗಳು ಅಡುಗೆಮನೆಯ ಕಿಟಕಿಯಲ್ಲಿ ಬಂದು ಕೂರತೊಡಗಿದವು. ನನಗೆ ಬೇಕಾದ್ದನ್ನು ಹೇಳಲು ಅತ್ತೆ ಚಮಚದಿಂದ ತಟ್ಟೆ ಬಡಿಯುತ್ತಿದ್ದರು. ಆ ಟಣ್ ಟಣ್ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ.

ಇತ್ತ ಗಿರಿಯ ಡಿಪ್ಲೊಮಾ ಮುಗಿದಿತ್ತು. ಹಿರೇಹಳ್ಳಿ ಕಡೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಹೆಚ್ಚುಕಡಿಮೆ ಖಾಯಂ ಆದಂತೆಯೇ. ಮ್ಯಾನೇಜರು ಒಂದೇ ಮಾತು ಹೇಳಿದ್ದರು: ಮಿಷಿನ್ನಿನ ಹತ್ತಿರ ಈ ಕೂದಲು ಆಗದು, ಕತ್ತರಿಸಿಕೊಂಡು ಬಾ. ಆದರೆ ದೇವರ ಹೆಸರು ಬಾರದೆ ಹರಕೆಯ ಕೂದಲಿಗೆ ಕತ್ತರಿ ಮುಟ್ಟಿಸುವಂತಿಲ್ಲ. ಯಜಮಾನರು ತಾಳ್ಮೆ ಕಳೆದುಕೊಂಡರು.

"ಅಮ್ಮಾ, ಪಿಸುಗುಟ್ಟಿದ್ರೂ ದೇವ್ರಿಗೆ ಕೇಳುತ್ತೆ. ಹೆಸ್ರು ಹೇಳ್ಬುಡು, ಅವ್ನು ಕೆಲ್ಸಕ್ಕೆ ಸೇರ್ಲಿ."

ಅತ್ತೆ ಆಗದೆಂದು ತಲೆಯಾಡಿಸಿದರು. ಪಿಸುಮಾತಿನಲ್ಲಿ ಹೇಳಿಬಿಟ್ಟರೆ ಅದೇ ತನ್ನ ದನಿ ಎಂದು ಒಪ್ಪಿಕೊಂಡಂತೆ, ಅದಕ್ಕೇ ಹೇಳುತ್ತಿಲ್ಲ ಎಂದು ನನಗೆ ಅನಿಸಿತು. ಗಿರಿ ಅಣ್ಣನಿಗೆ ಅಡ್ಡ ನಿಂತ. "ಅವಳು ಹೇಳೋವರ್ಗೂ ನಾನು ಕತ್ರಿಸಲ್ಲ." ಇಟಲಿಯವರಿಗೆಂದು ಬಿಟ್ಟ ಕೂದಲನ್ನು ಈಗ ಅವನು ಕಾಯುತ್ತಿದ್ದ ರೀತಿ ನೋಡಿದರೆ ಯಾವ ಹರಕೆಯವನೂ ಅಷ್ಟು ಕಾಯ್ದಿರಲಾರ. ಶನಿವಾರ ಎಣ್ಣೆ, ಭಾನುವಾರ ಸೀಗೆಕಾಯಿ. ಬಿದ್ದ ಕೂದಲನ್ನು ಸಹ ಎಸೆಯದೆ ಕಾಗದದಲ್ಲಿ ಸುತ್ತಿಡುತ್ತಿದ್ದ. ಫ್ಯಾಕ್ಟರಿಯ ಕೆಲಸ ಇನ್ಯಾರಿಗೋ ಹೋಯಿತು. ಅವನು ಸಾದಿಕನ ಅಂಗಡಿಯಲ್ಲಿ ವಾಚುಗಳಿಗೆ ಸೆಲ್ ಹಾಕುತ್ತಾ ಕೂತ. ಹೊಸದಾಗಿ ತೆರೆದಿದ್ದ ಸೈಬರ್ ಸೆಂಟರಿಗೆ ಹೋಗಿ ಇಬ್ಬರೂ ಹುಡುಕಿ ಬರುತ್ತಿದ್ದರು. ಮಾರ್ಕೊ ಬಗ್ಗೆ ಸುದ್ದಿಯಿಲ್ಲ. ತಂಡ ಒಡೆಯಿತು ಎಂದು ಒಬ್ಬರು, ಹೊಸ ಹಾಡುಗಾರನನ್ನು ಹುಡುಕುತ್ತಿದ್ದಾರೆ ಎಂದು ಇನ್ನೊಬ್ಬರು ಬರೆದಿದ್ದರಂತೆ. ಸಂಜೆ ಬಂದ ಕೂಡಲೇ ಅತ್ತೆ ಗಿರಿಯತ್ತ ಹುಬ್ಬು ಏರಿಸುತ್ತಿದ್ದರು. ಅವನು ಇಲ್ಲವೆಂದು ಕೈಯಾಡಿಸುತ್ತಿದ್ದ.

ದನಿ ಬಂದದ್ದು ಒಂದು ಬಾಳೆಹಣ್ಣಿನ ಚಿಪ್ಪಿನ ದೆಸೆಯಿಂದ. ಬೆಳಿಗ್ಗೆ ನಾನು ಬಟ್ಟೆ ಹರವುತ್ತಿದ್ದೆ. ಒಂದು ಗಡವ ಕೋತಿ ದೇವರ ಮುಂದಿಟ್ಟಿದ್ದ ಚಿಪ್ಪು ಎತ್ತಿಕೊಂಡು ನಡುಮನೆಯಲ್ಲಿ ಅತ್ತೆಯ ಎದುರೇ ಸಾವಕಾಶವಾಗಿ ನಡೆದುಹೋಗುತ್ತಿತ್ತಂತೆ. "ಲೇ ಗಿರೀ!" ಎಂಬ ಸದ್ದು ಕೇಳಿತು. ಸೀಳಿದ ಬಿದಿರಿನಂಥ, ಅರ್ಧಕ್ಕೆ ಮುರಿದ ದನಿ. ಆದರೆ ದನಿ! ಕೈಯಲ್ಲಿದ್ದ ಒದ್ದೆ ಸೀರೆ ಬಿಸಾಕಿ ಓಡಿಬಂದೆ. ಗಿರಿ ಹಲ್ಲುಜ್ಜುವ ಬ್ರಷ್ಷಿನೊಂದಿಗೆ ಓಡಿಬಂದ. ಅತ್ತೆ ಎರಡೂ ಕೈಯಿಂದ ಕುತ್ತಿಗೆ ಹಿಡಿದುಕೊಂಡು, ಅಲ್ಲಿಂದ ಏನೋ ಬಿದ್ದುಹೋಗುತ್ತದೆ ಎಂಬಂತೆ ಅಲುಗದೆ ನಿಂತಿದ್ದರು. ಮತ್ತೆ ಬಾಯಿ ತೆರೆದರು.

"ಬೆಟ್ಟದಪ್ಪ. ದುರ್ಗದ ಕಡೆ ನಮ್ಮಪ್ಪನ ಮನೆದೇವ್ರು ಬೆಟ್ಟದಪ್ಪನಿಗೆ."

ಗಿರಿ ತಾಯಿಯ ಹತ್ತಿರಕ್ಕೆ ಬಂದ. ಬ್ರಷ್ಷಿನ ನೊರೆ ಗಲ್ಲದ ಮೇಲಿತ್ತು. "ಅಮ್ಮಾ, ನಾನು ಈ ಕೂದ್ಲು…"

"ಗೊತ್ತು ಬುಡ್ಲಾ. ನೀವಿಬ್ರೂ ಅವರೆಕಾಯಿ ಹಿತುಕ್ತಾ ಮಾತಾಡೋದು ನಡುಮನೆಗೆ ಕೇಳಲ್ವಾ? ನನ್ಗೆ ಕೆಟ್ಟಿದ್ದು ಗಂಟ್ಲು, ಕಿವಿಯಲ್ಲ."

"ಮತ್ತೆ ಯಾಕೆ ಒಪ್ಕೊಂಡೆ?"

"ಹಿಡ್ಕೊಳ್ಳೋಕೆ ಏನಾದ್ರೂ ಬೇಕಿತ್ತು ಕಣೋ. ನಿನ್ ಕೂದ್ಲು ಸಿಕ್ತು."

ಯಜಮಾನರು ಆಗಲೇ ಹುಲಿಯೂರುದುರ್ಗದ ಬಸ್ಸಿನ ಹೊತ್ತು ವಿಚಾರಿಸಲು ಚಪ್ಪಲಿ ಮೆಟ್ಟಿದ್ದರು. ಅತ್ತೆ ತಡೆದರು. ದನಿ ಆಗಾಗ ನಿಂತು, ಮತ್ತೆ ಹೊರಟು, ಕಲ್ಲುದಾರಿಯ ಗಾಡಿಯಂತೆ ಬರುತ್ತಿತ್ತು.

"ಆ ಹುಡ್ಗ ಹಾಡಿದ್ನಾ?"

"ಇನ್ನೂ ಇಲ್ಲಮ್ಮ."

"ಹಂಗಾದ್ರೆ ಈಗ್ಲೇ ಬೋಳಿಸೋದು ಬ್ಯಾಡ."

"ಅಮ್ಮಾ!" ಯಜಮಾನರು ತಲೆಯ ಮೇಲೆ ಕೈಯಿಟ್ಟರು. "ಇಟಲಿಯವ್ನಿಗೆ ನಮ್ಮ ಬೆಟ್ಟದಪ್ಪ ಏನ್ ಮಾಡ್ತಾನೆ?"

"ಅವ್ನು ಕೂದ್ಲು ಬಿಟ್ಟಿದ್ದು ಆ ಹುಡ್ಗನ ಹೆಸ್ರಲ್ಲಿ. ಮಧ್ಯ ನುಗ್ಗಿದೋಳು ನಾನು. ನನ್ ಕೆಲ್ಸ ಆಯ್ತು ಅಂತ ಪೂರಾ ಬಾಚ್ಕೊಂಡು ಹೋಗೋಕಾಗುತ್ತಾ?"

ಅತ್ತೆ ಒಮ್ಮೆ ಹೇಳಿದರೆ ಮುಗಿಯಿತು. ಮತ್ತೆ ಕಾದೆವು. ಇನ್ನೊಂದು ಅವರೆಕಾಯಿ ಕಾಲ ಬಂತು. ಅತ್ತೆಯ ದನಿ ದಿನದಿನಕ್ಕೆ ಗಟ್ಟಿಯಾಗುತ್ತಿದ್ದರೂ ಮೊದಲಿನ ಎತ್ತರಕ್ಕೆ ಹೋಗಲಿಲ್ಲ. ಹಾಲಿನ ಬೂತಿಗೆ ಕೇಳಿಸುತ್ತಿರಲಿಲ್ಲ, ಗೌರಮ್ಮನ ಅಡುಗೆಮನೆಗೆ ಕೇಳಿಸುತ್ತಿತ್ತು. ಗಿರಿಯ ಕೂದಲು ಬೆನ್ನಿನ ಅರ್ಧಕ್ಕೆ ಇಳಿಯಿತು. ಬೀದಿಯವರು ಅತ್ತೆಯ ದನಿ ಕೇಳಿ, ಇನ್ನೂ ಮುಡಿ ಕೊಟ್ಟಿಲ್ಲವೇಕೆ, ದೇವರು ಮುನಿಯುವುದಿಲ್ಲವೇ ಎಂದು ನನ್ನನ್ನೇ ನಿಲ್ಲಿಸಿ ಕೇಳುತ್ತಿದ್ದರು. ಇಟಲಿಯ ಕಡೆ ಬಾಕಿಯಿದೆ ಎಂದು ಹೇಗೆ ಹೇಳಲಿ?

ಒಂದು ಮಧ್ಯಾಹ್ನ ಸಾದಿಕ್ ಸೈಕಲ್ಲನ್ನು ಗೇಟಿಗೆ ಗುದ್ದಿ ಒಳಗೆ ಬಂದ. ಕೈಯಲ್ಲಿ ಕ್ಯಾಸೆಟ್ಟು. "ನಾಲ್ಕನೇದು ಬಂತು ಕಣೋ! ಕವರ್ ಇಲ್ಲ, ಹಾಡಿರೋದು ಯಾರು ಅಂತ ಬರೆದಿಲ್ಲ. ನಾನೂ ಕೇಳಿಲ್ಲ, ಅಮ್ಮನ ಜೊತೇಲೇ ಕೇಳೋಣ ಅಂತ ಬಂದೆ."

ಅತ್ತೆ ಮಂಚದಿಂದ ಇಳಿದು ಟೇಪ್ ರೆಕಾರ್ಡರಿನ ಮುಂದೆ ನೆಲದ ಮೇಲೆ ಕೂತರು. ಗಿರಿ ಗುಂಡಿ ಒತ್ತಿದ. ಮೊದಲು ಚರ್ಚಿನ ಆರ್ಗನ್ನು, ಉದ್ದಕ್ಕೆ, ಮುಗಿಯುವ ಸೂಚನೆಯೇ ಇಲ್ಲ. ಆಮೇಲೆ ಹೆಂಗಸರ ಗುಂಪು. ಆಮೇಲೆ ಕುದುರೆಗಳು. ಇಷ್ಟು ಹೊತ್ತಿಗೆ ಹಾಡುಗಾರ ಬರಬೇಕಿತ್ತು, ಬರಲಿಲ್ಲ. ಗಿಟಾರು ಒಂದು ಸುತ್ತು, ಇನ್ನೊಂದು ಸುತ್ತು. ಗಿರಿ ಕಣ್ಣು ಮುಚ್ಚಿಕೊಂಡ. ಸಾದಿಕ್ ಉಗುರು ಕಚ್ಚುತ್ತಿದ್ದ. ಇದು ಬರೀ ವಾದ್ಯದ ಹಾಡಾಗಿದ್ದರೆ? ಬೇರೆ ಯಾರೋ ಹಾಡಿದ್ದರೆ? ಅತ್ತೆಯ ಕೈ ತಾನಾಗಿಯೇ ಕುತ್ತಿಗೆಯ ಹೊಲಿಗೆಯ ಗುರುತಿಗೆ ಹೋಯಿತು.

ದನಿ ಬಂತು. ಮೊದಲಿಗಿಂತ ಕೆಳಗಿನಿಂದ, ಎಚ್ಚರದಿಂದ, ಕತ್ತಲಲ್ಲಿ ಮೆಟ್ಟಿಲು ತಡವುವವನಂತೆ. ಒಂದು ಕಡೆ ಮೇಲೆ ಹತ್ತಲು ಹೋಗಿ ಅಂಚಿನಲ್ಲಿ ಸ್ವಲ್ಪ ಸೀಳಿತು. ಸೀಳಿಯೂ ನಿಂತಿತು.

"ಅವ್ನೇ," ಎಂದ ಗಿರಿ.

"ಅವ್ನೇ," ಎಂದರು ಅತ್ತೆ. "ಇವ್ನಿಗೂ ಇಳ್ದದೆ. ಇರ್ಲಿ."

ಆ ವಾರವೇ ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ, ದುರ್ಗದ ಆಚೆಯ ಆ ಸಣ್ಣ ಬೆಟ್ಟ ಹತ್ತಿದೆವು. ಸಾದಿಕನೂ ಬಂದಿದ್ದ, ಕೂದಲು ಬೀಳುವಾಗ ಗಿರಿಯ ಪಕ್ಕದಲ್ಲಿ ನಿಂತು ಅವನ ಕನ್ನಡಕ ಹಿಡಿದುಕೊಂಡಿದ್ದ. ಬೋಳು ತಲೆಗೆ ಗಂಧ ಹಚ್ಚಿಕೊಂಡು ಗಿರಿ ಗುಡಿಯ ಹೊಸ್ತಿಲಲ್ಲಿ ನಿಂತ. ವಯಸ್ಸಾದ ಅರ್ಚಕರು ಹೂವು ಕೈಗೆತ್ತಿಕೊಂಡು ಕೇಳಿದರು: "ಮುಡಿ ಯಾರ ಹೆಸ್ರಲ್ಲಿ?"

"ಜಯಮ್ಮ. ಸ್ವಾತಿ ನಕ್ಷತ್ರ," ಎಂದ ಗಿರಿ. ಸ್ವಲ್ಪ ತಡೆದು ಸೇರಿಸಿದ: "ಮತ್ತೆ ಮಾರ್ಕೊ."

ಅರ್ಚಕರ ಕೈ ನಿಂತಿತು. ಅವನನ್ನು ನೋಡಿದರು, ಪಕ್ಕದ ಸಾದಿಕನನ್ನು ನೋಡಿದರು, ನಮ್ಮನ್ನೂ ನೋಡಿದರು. "ನಕ್ಷತ್ರ?"

ಗಿರಿ ತಿರುಗಿ ತಾಯಿಯ ಮುಖ ನೋಡಿದ. ಕೆಳಗಿನ ಮೆಟ್ಟಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದ ಅತ್ತೆ, ಇದ್ದಷ್ಟೂ ದನಿ ಎತ್ತಿ ಹೇಳಿದರು:

"ಅವ್ನಿಗೂ ನಂದೇ ಹಾಕಿ ಸ್ವಾಮಿ. ಗಂಟ್ಲು ಎರಡೂ ಒಂದೇ."